ಅಪೂರ್ಣವೆಂದು ದಾಖಲಾದ ಹೇಳಿಕೆಯ ಉಳಿದ ಭಾಗ

ಆರೋಗ್ಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಸಮಿತಿಯ ಕಳೆದ ಸಭೆ ನನ್ನಿಂದಾಗಿ ಮುಂದಕ್ಕೆ ಹೋಯಿತೆಂದು ನಡಾವಳಿ ಹೇಳುತ್ತದೆ. "ಹೇಳಿಕೆ ನೀಡುತ್ತಿದ್ದ ನಿವಾಸಿಯೊಬ್ಬರು ಭಾವೋದ್ವೇಗದಿಂದ ಮಾತು ನಿಲ್ಲಿಸಿದ ಕಾರಣ ಹೇಳಿಕೆ ಅಪೂರ್ಣವಾಗಿದ್ದು, ವಿಷಯವನ್ನು ಬರುವ ತಿಂಗಳ ಹದಿನಾಲ್ಕರ ಸಭೆಗೆ ಇರಿಸಲಾಗಿದೆ." ಆ ನಿವಾಸಿ ನಾನು. ಹದಿನಾಲ್ಕಕ್ಕೆ ನನ್ನ ಮೊದಲ ಆಕ್ಷೇಪಣೆ, ಏಕೆಂದರೆ ನನ್ನ ಮಗಳಿಗೆ ಹದಿನೆಂಟು ತುಂಬುವುದು ಅದೇ ತಿಂಗಳ ಒಂಬತ್ತಕ್ಕೆ. ಭಾವೋದ್ವೇಗಕ್ಕೆ ಎರಡನೆಯದು. ಆ ಹೊತ್ತಿನಲ್ಲಿ ನನಗೆ ಏನೂ ಅನಿಸಲಿಲ್ಲ. ಇಷ್ಟು ದಿನ ಕಳೆದರೂ ಹೆಚ್ಚೇನೂ ಅನಿಸುತ್ತಿಲ್ಲ.

ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಓದುವವರಿಗೂ ವಿಷಯ ತಿಳಿಯಲಿ. ನಾವಿರುವ ಈ ಸಣ್ಣ ವಿಲಾಯತ್ತಿನ, ಅಂದರೆ ನಮ್ಮ ಕಡೆಯ ತಾಲೂಕಿನಂಥದ್ದರ, ಸಮಿತಿಯ ಮುಂದೆ ಒಂದು ಕರಡು ಆದೇಶವಿದೆ. ಅದು ಸಹಿ ಬಿದ್ದ ದಿನವೇ ಜಾರಿ. ಆ ದಿನ ಯಾರಿಗೆ ಹದಿನೆಂಟು ತುಂಬಿರುವುದಿಲ್ಲವೋ ಅವರಿಗೆ ಇಲ್ಲಿನ ಯಾವ ಅಂಗಡಿಯವನೂ ತಂಬಾಕನ್ನಾಗಲಿ, ನಿಕೋಟಿನ್ ಇರುವ ಇನ್ನೊಂದನ್ನಾಗಲಿ ಮಾರುವಂತಿಲ್ಲ. ಅವರಿಗೆ ನಲವತ್ತಾದರೂ ಇಲ್ಲ, ಎಪ್ಪತ್ತಾದರೂ ಇಲ್ಲ. ಒಂದು ಪೀಳಿಗೆಗೇ ಬಾಗಿಲು ಹಾಕಿಬಿಡುವುದು. ಬಾಗಿಲ ಆಚೆಗೆ ಯಾರು, ಈಚೆಗೆ ಯಾರು ಎಂಬುದನ್ನು ತೀರ್ಮಾನಿಸುವುದು ಆದೇಶಕ್ಕೆ ಸಹಿ ಬೀಳುವ ದಿನ. ಅಂದರೆ ತಾವು ಒಂದು ಸಭೆ ಮುಂದೂಡಿದರೆ ಅಷ್ಟು ದಿನಗಳಲ್ಲಿ ಹದಿನೆಂಟು ತುಂಬಿದ ಮಕ್ಕಳೆಲ್ಲ ಕೈಬಿಟ್ಟು ಹೋದ ಹಾಗೆ.

ತಾವು ನಾಲ್ಕು ಸಭೆ ಮುಂದೂಡಿದ್ದೀರಿ. ಮೊದಲನೆಯದಕ್ಕೆ ಬೇಕಾದಷ್ಟು ಸದಸ್ಯರು ಬರಲಿಲ್ಲ. ಎರಡನೆಯದಕ್ಕೆ ಬಂದರು, ಕರಡಿನ ಪ್ರತಿ ಬರಲಿಲ್ಲ. ಮೂರನೆಯದಕ್ಕೆ ಸದಸ್ಯರೂ ಬಂದರು, ಪ್ರತಿಯೂ ಬಂತು, ಆದರೆ ಹುಕ್ಕಾ ಸೇದಿಸುವ ಶೀಶಾ ಕೆಫೆಗಳ ಮಾಲೀಕರ ಅಭಿಪ್ರಾಯ ಕೇಳಿಲ್ಲವೆಂದು ಯಾರಿಗೋ ನೆನಪಾಯಿತು. ಹೊಗೆ ಮಾರುವವರನ್ನು ಹೊಗೆಯ ಬಗ್ಗೆ ಕೇಳದೆ ಇನ್ಯಾರನ್ನು ಕೇಳಬೇಕು? ನಾಲ್ಕನೆಯದನ್ನು ನನ್ನ ತಲೆಗೆ ಕಟ್ಟಿದ್ದೀರಿ. ಪ್ರತಿ ಸಭೆಯಲ್ಲೂ ಕಹ್ವಾ ಕಾಫಿ ಬಿಸಿಯಾಗಿತ್ತೆಂದೂ ಖರ್ಜೂರ ಒಳ್ಳೆಯದಿತ್ತೆಂದೂ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಖರ್ಜೂರವನ್ನು ಬಲಗಡೆಯ ಹಲ್ಲಿನಲ್ಲಷ್ಟೇ ಜಗಿದೆ, ಎಡಗಡೆ ಹಲ್ಲುಗಳಿಲ್ಲ.

ನನ್ನ ಕಥೆ ಹೊಸದಲ್ಲ. ಸೊಹಾರ್ ಬಂದರಿನ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಕ್ರೇನ್ ರಿಪೇರಿ ಮಾಡುತ್ತಿದ್ದೇನೆ. ಒಳಗೆ ಬೆಂಕಿಪೊಟ್ಟಣ ಒಯ್ಯುವಂತಿಲ್ಲ, ಸಿಗರೇಟು ಸೇದುವಂತಿಲ್ಲ. ಹಾಗಾಗಿ ನಮ್ಮಂಥವರು ಕಾರ್ಖಾನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಂಡೆವು. ಜಗಿಯುವ ತಂಬಾಕು ಈ ದೇಶದಲ್ಲಿ ನಿಷಿದ್ಧ. ನನಗೆ ಅದು ಒಂದು ದಿನವೂ ಕಡಿಮೆ ಬೀಳಲಿಲ್ಲ. ಗದಗದಿಂದ ಯಾರೇ ರಜೆ ಮುಗಿಸಿ ಬಂದರೂ ನನ್ನ ಅವ್ವ ಪಾರವ್ವ ಖಡಕ್ ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು, ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ. ಆ ಡಬ್ಬಿಯ ತಳದಲ್ಲಿ ತಂಬಾಕಿನ ಚೀಟು, ಪುಟ್ಟ ಪೊಟ್ಟಣ. ಇದನ್ನು ಹೊತ್ತು ತಂದವರಲ್ಲಿ ಈಗ ಓದುತ್ತಿರುವವರೂ ಕೆಲವರಿದ್ದೀರಿ. ನಿಮ್ಮನ್ನು ದೂರುತ್ತಿಲ್ಲ, ನಾನೂ ನಿಮಗಾಗಿ ತಂದಿದ್ದೇನೆ. ಅವ್ವ ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: "ಮಗಾ ಪರದೇಶದಾಗ ಅದಾನ. ಇದೂ ಇಲ್ಲಂದ್ರ ಹೆಂಗ ದಿನಾ ಕಳೀಬೇಕು ಅಂವಾ?"

ಮೂರು ವರ್ಷದ ಹಿಂದೆ ಎಡಗೆನ್ನೆಯಲ್ಲಿ ಹುಣ್ಣಾಯಿತು, ಮಾಯಲಿಲ್ಲ. ಹುಬ್ಬಳ್ಳಿಯಲ್ಲಿ ಕೆನ್ನೆಯನ್ನೂ ಕೆಳದವಡೆಯ ಒಂದು ತುಂಡನ್ನೂ ತೆಗೆದು, ಎದೆಯ ಚರ್ಮ ತಂದು ಮುಚ್ಚಿದರು. ಆ ಭಾಗಕ್ಕೆ ಈಗ ಸ್ಪರ್ಶವಿಲ್ಲ. ಚಹಾ ಸೋರಿ ಅಂಗಿಗೆ ಬಿದ್ದದ್ದನ್ನು ಎದುರಿನವರು ಹೇಳಬೇಕು. ಮಾತು ತೊದಲುತ್ತದೆ. ಅಪರಿಚಿತರಿಗೆ ಹತ್ತರಲ್ಲಿ ಮೂರು ಶಬ್ದ ತಿಳಿದರೆ ಹೆಚ್ಚು. ಪೂರ್ತಿ ತಿಳಿಯುವುದು ನನ್ನ ಹೆಂಡತಿಗೆ ಮತ್ತು ಮಗಳಿಗೆ. ಹೆಂಡತಿಗೆ ಅರಬ್ಬಿ ಬಾರದು. ಮಗಳು ಶಾಲೆಯಲ್ಲಿ ಹಿಂದಿ ಬಿಟ್ಟು ಅರಬ್ಬಿ ತೆಗೆದುಕೊಂಡವಳು, ಹಾಗಾಗಿ ತಮ್ಮ ಸಭೆಗೆ ದುಭಾಷಿಯಾಗಿ ಅವಳೇ ಬಂದಳು. ಅರ್ಜಿಯಲ್ಲಿ ದುಭಾಷಿ ಎಂಬ ಜಾಗದಲ್ಲಿ ಸಹಿಯನ್ನೂ ಮಾಡಿದಳು. ತಾವು ಅವಳ ಅರಬ್ಬಿಯನ್ನು ಮೆಚ್ಚಿ ತಲೆದೂಗಿದಿರಿ. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ನಡೆದದ್ದು ನಡಾವಳಿಯಲ್ಲಿಲ್ಲ. "ಅದನ್ನು ನಾನು ಇಲ್ಲಿ ಇಟ್ಟುಕೊಳ್ಳುತ್ತಿದ್ದೆ" ಎಂದು ನಾನು ಹೇಳಿದೆ. ತಮಗೆ ಅರ್ಥವಾಗಲೆಂದು ಮಗಳು ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಆ ಬೆರಳನ್ನು ನೋಡಿದೆ. ಬೆರಳಿನ ಪಕ್ಕದಲ್ಲೇ ಅವಳ ಮೇಲ್ದುಟಿ ಒಂದು ಕಡೆ ಚೂರು ಉಬ್ಬಿತ್ತು. ಮಾತಿನ ನಡುವೆ ನಾಲಗೆ ಅಲ್ಲಿಗೆ ಹೋಗಿ ಒತ್ತಿ ಬರುತ್ತಿತ್ತು. ತಮ್ಮಲ್ಲಿ ಯಾರಿಗೂ ಅದು ಕಾಣಲಿಲ್ಲ, ಕಾಣುವಂಥದ್ದೂ ಅಲ್ಲ. ವರ್ಷಗಟ್ಟಲೆ ಬಾಯಲ್ಲಿ ಇಟ್ಟುಕೊಂಡವನಿಗೆ ಮಾತ್ರ ಆ ನಾಲಗೆಯ ಓಡಾಟ ಗೊತ್ತು. ಈಗಿನವರು ಇಡುವುದು ತಂಬಾಕಲ್ಲ, ನಿಕೋಟಿನ್ ತುಂಬಿದ ಬಿಳಿಯ ಪುಟ್ಟ ಚೀಲ. ಉಗುಳುವುದಿಲ್ಲ, ಕಲೆಯಿಲ್ಲ, ಪುದೀನಾ ವಾಸನೆ. ಅದನ್ನು ಬಾಯಲ್ಲಿಟ್ಟುಕೊಂಡೇ ನನ್ನ ಮಗಳು ನನ್ನ ಕ್ಯಾನ್ಸರನ್ನು ಚಂದದ ಅರಬ್ಬಿಯಲ್ಲಿ ತಮಗೆ ವಿವರಿಸುತ್ತಿದ್ದಳು. ನಾನು ಮಾತು ನಿಲ್ಲಿಸಿದೆ.

ಕಾರಿನಲ್ಲಿ ಅವಳೇ ಕೇಳಿದಳು: "ಅಪ್ಪಾ, ಯಾಕ ಸುಮ್ನಾದಿ? ಐ ವಾಸ್ ಡೂಯಿಂಗ್ ಸೋ ವೆಲ್."

"ಗಂಟಲ ಒಣಗಿತ್ತವಾ" ಅಂದೆ.

ಸಿಟ್ಟು ಬರಬೇಕಿತ್ತು. ಮನೆಗೆ ಬಂದು ಕೂತು ಸಿಟ್ಟಿಗಾಗಿ ಕಾದೆ, ಬರಲಿಲ್ಲ. ಅಳು ಬರುತ್ತದೇನೋ ಎಂದುಕೊಂಡೆ, ಅದೂ ಬರಲಿಲ್ಲ. ಡಾಕ್ಟರು ಮರಗಟ್ಟುವುದು ಕೆನ್ನೆ ಮಾತ್ರ ಎಂದಿದ್ದರು.

ಎರಡು ದಿನದ ಮೇಲೆ ನಮ್ಮ ಕಟ್ಟಡದ ಕೆಳಗೆ ಕಿರಾಣಿ ಅಂಗಡಿ ಇಟ್ಟಿರುವ ಉಳ್ಳಾಲದ ಶಾಫಿ ನನ್ನನ್ನು ಬದಿಗೆ ಕರೆದ. "ಅಣ್ಣಾ, ನಿಮ್ಮತ್ರ ಹೇಳ್ಬೇಕಾ ಬೇಡ್ವಾ ಅಂತ ತುಂಬ ಆಲೋಚನೆ ಮಾಡಿದೆ. ಮಗಳು ಸಿಗರೇಟು ಕೇಳ್ಲಿಕ್ಕೆ ಬಂದಿದ್ಲು. ಕಾರ್ಡು ತೋರಿಸು ಅಂದೆ, ಹೋದ್ಲು. ಬರುವ ತಿಂಗಳು ಹದಿನೆಂಟು ಆಗ್ತದೆ, ಆಗ ತೋರಿಸ್ತೇನೆ ಅಂತ ಹೇಳಿ ಹೋದದ್ದು. ಆಗ ನಾನು ಎಂತ ಹೇಳುದು? ಇಲ್ಲ ಹೇಳ್ಲಿಕ್ಕೆ ನನ್ನ ಕೈಯಲ್ಲಿ ಒಂದು ಕಾಗದ ಬೇಕಲ್ಲ?"

ಮಾನ್ಯರೇ, ಆ ಕಾಗದ ತಮ್ಮ ಮೇಜಿನ ಮೇಲಿದೆ.

ನಿಷೇಧದಿಂದ ಏನೂ ಆಗದು, ಬೇಕಾದವರು ಹೇಗಾದರೂ ತರಿಸಿಕೊಳ್ಳುತ್ತಾರೆ ಎಂದು ತಮ್ಮ ಸದಸ್ಯರೊಬ್ಬರು ವಾದಿಸಿದರು. ಚಟ್ನಿ ಡಬ್ಬಿಯ ವಿಷಯ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಆದರೆ ಅವರು ಮರೆತ ಒಂದು ಸಂಗತಿಯಿದೆ. ನನ್ನ ಆಯುಷ್ಯದಲ್ಲಿ ಯಾರೂ ನನಗೆ ಇಲ್ಲ ಎನ್ನಲಿಲ್ಲ. ಅವ್ವ ಪ್ರೀತಿಯಿಂದ ಕೊಟ್ಟಳು, ಗೆಳೆಯರು ಸ್ನೇಹದಿಂದ ತಂದರು. ನನ್ನ ಮಗಳಿಗೆ ಶಾಫಿ ಇಲ್ಲ ಎಂದಿದ್ದಾನೆ, ಅವಳು ತಿರುಗಿ ಮನೆಗೆ ಬಂದಿದ್ದಾಳೆ. ಒಂದು ಸಲವಾದರೂ ಕೆಲಸ ಮಾಡಿದ ಆ ಇಲ್ಲ ಎಂಬ ಮಾತು ಒಂಬತ್ತನೇ ತಾರೀಖಿಗೆ ಮುಗಿಯುತ್ತದೆ. ಅವಳು ನಿಲ್ಲಿಸಿಬಿಡುತ್ತಾಳೆ ಎಂಬ ಭರವಸೆ ನನಗಿಲ್ಲ. ನಿಲ್ಲಿಸಲು ಅವಳಿಗೊಂದು ಅಡ್ಡಿ ಬೇಕು. ತಂದೆಯ ಮುಖ ಸಾಕಷ್ಟು ಅಡ್ಡಿಯಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಹೇಳಿಕೆ ಇಲ್ಲಿಗೆ ಪೂರ್ಣವಾಗಿದೆ, ಕಾಯಲು ಇನ್ನು ಕಾರಣವಿಲ್ಲ. ಒಂಬತ್ತರೊಳಗೆ ಸಭೆ ಕರೆದು ಆದೇಶಕ್ಕೆ ಸಹಿ ಮಾಡಿ. ಆಗದಿದ್ದರೆ ಹದಿನಾಲ್ಕಕ್ಕೇ ಮಾಡಿ, ಆದರೆ ನಡಾವಳಿಯಲ್ಲಿ ನನ್ನ ಭಾವೋದ್ವೇಗದ ಬದಲು ತಮ್ಮ ಆಲಸ್ಯವನ್ನು ಬರೆಯಿಸಿ.

ತಮ್ಮ ನಿಯಮದ ಪ್ರಕಾರ ಉಳಿದ ಹೇಳಿಕೆಯನ್ನೂ ಮೊದಲಿನ ದುಭಾಷಿಯೇ ಅನುವಾದಿಸಿ ಸಹಿ ಹಾಕಬೇಕು. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಶುಕ್ರವಾರ ಮಧ್ಯಾಹ್ನ ಊಟದ ಮೇಜಿನ ಬಳಿ ಅವಳನ್ನು ಎದುರಿಗೆ ಕೂರಿಸಿಕೊಂಡು ಈ ಪತ್ರವನ್ನು ಒಂದೊಂದೇ ಸಾಲು ಓದಿದೆ. ತುಟಿಯ ಮಾತು ಬಂದಾಗ ಅವಳ ಪೆನ್ನು ನಿಂತಿತು. "ಒಂದ ಡಬ್ಬಿ ಅಷ್ಟ, ಅಪ್ಪಾ. ಫ್ರೆಂಡ್ ದುಬೈದಿಂದ ತಂದಿದ್ಲು. ಖಲಾಸ್ ಆಗೇತಿ" ಅಂದಳು. ಖಲಾಸ್ ಆದದ್ದಕ್ಕೇ ಶಾಫಿಯ ಅಂಗಡಿಗೆ ಹೋಗಿದ್ದೆಯಲ್ಲ ಎಂದು ನಾನು ಕೇಳಲಿಲ್ಲ, ಅದು ಮುಂದಿನ ಪುಟದಲ್ಲಿತ್ತು. ಇದು ಅಚ್ಚಾಗುತ್ತದೆ, ನಿನಗೆ ಬೇಡವಾದರೆ ಹರಿದುಹಾಕುತ್ತೇನೆ ಎಂದೆ. ಅವಳು ಪೆನ್ನನ್ನು ಮತ್ತೆ ಕಾಗದಕ್ಕೆ ಹಚ್ಚಿದಳು.

"ಓದಪಾ. ನಾ ಬರೀತೀನಿ."

ಕೊನೆಯವರೆಗೂ ಬರೆದಳು. ಒಂದು ಸಾಲನ್ನೂ ಬಿಟ್ಟಿಲ್ಲ ಎಂದಳು. ಐದು ಪುಟ, ಕೆಳಗೆ ಅವಳ ಸಹಿ. ಅದನ್ನೇ ಇದರೊಂದಿಗೆ ಲಗತ್ತಿಸಿದ್ದೇನೆ. ಶುಕ್ರವಾರದ ಈ ಮಾತುಗಳನ್ನು ಅವಳ ಸಹಿಯಾದ ಮೇಲೆ ಸೇರಿಸಿದ್ದೇನೆ, ಕನ್ನಡ ಬಲ್ಲ ಬೇರೆಯವರಿಂದ ಓದಿಸಿಕೊಳ್ಳಿ. ನನಗೆ ಅರಬ್ಬಿಯ ಒಂದಕ್ಷರವೂ ಬಾರದು. ತಮ್ಮ ಕೈಯಲ್ಲಿರುವ ಪ್ರತಿಯಲ್ಲಿ ದುಭಾಷಿಯ ತುಟಿಯ ಮಾತು ಇದೆಯೇ? ಇದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಇಲ್ಲದಿದ್ದರೆ ತಿಳಿಸುವುದು ಬೇಡ.

ಇಂತಿ,
ತಮ್ಮ ಉತ್ತರವನ್ನು ಓದಿಸಿಕೊಳ್ಳಲು ಮತ್ತೆ ಅದೇ ಮಗಳನ್ನು ಕರೆಯಬೇಕಾದ
ಒಬ್ಬ ತಂದೆ