ಅಭ್ಯರ್ಥಿಯ ತಾಯಿ

ನವೆಂಬರ್ ೧೪, ಭಾನುವಾರ

ನನ್ನ ಲೀಡರಮ್ಮನಿಗೆ,

ಅಪ್ಪನ ಆಶೀರ್ವಾದ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಇದು. ಈಗ ಒಂದು 'ಕ' ಬರೆಯಹೊರಟರೆ ಅದು ತಾನಾಗಿಯೇ ಕೊಂಬು, ದೀರ್ಘ ಎಲ್ಲ ಹಾಕಿಕೊಂಡು ಮೆರವಣಿಗೆ ಹೊರಡುತ್ತದೆ. ನಡುಕ ನಿಂತ ಹೊತ್ತು ನೋಡಿ ಒಂದೊಂದೇ ಸಾಲು ಬರೆಯುತ್ತಿದ್ದೇನೆ.

ನಮ್ಮ ವಾರ್ಡಿನಲ್ಲಿ ನೀನು ಸೋತದ್ದಕ್ಕೆ ಬೀದಿಯವರಿಗೆಲ್ಲ ಬೇಸರವಿದೆ. ನಿನಗೆ ವೋಟು ಹಾಕದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಮೇಲಿನ ಮನೆಯಾಕೆ ಕಣ್ಣೊರೆಸಿಕೊಂಡೇ ಹೇಳಿದಳು, "ನಿಮ್ಮ ಮಗಳು ಬಂಗಾರ, ಯಜಮಾನ್ರೇ. ಆದ್ರೆ ಈಗಿರೋರು ಸೋತ್ರೆ ತಿಂಗಳ ಹಣ ನಿಲ್ಲುತ್ತೆ ಅಂತ ಮನೆಮನೆಗೂ ಬಂದು ಹೇಳಿದ್ರಲ್ಲ! ಬಂಗಾರ ಬೇಯಿಸ್ಕೊಂಡು ತಿನ್ನೋಕಾಗುತ್ತಾ?" ಅದು ಸಹಾಯಧನವಲ್ಲ ಮಗಳೇ, ಅಸಹಾಯಧನ.

ಆದರೆ ನಿನ್ನ ಕಾಗದದಲ್ಲಿ "ಅಮ್ಮ ವೋಟು ಹಾಕದಿರೋಕೆ ಎಷ್ಟು ಕೊಟ್ಟರಂತೆ?" ಎಂದಿತ್ತಲ್ಲ, ಅವಳಿಗೆ ಓದಿ ಹೇಳುವಾಗ ಆ ಸಾಲು ನುಂಗಿಕೊಂಡೆ. ಅವಳಿಗೆ ಯಾರೂ ಏನೂ ಕೊಟ್ಟಿಲ್ಲ.

ಅವತ್ತು ನಡೆದದ್ದು ಇಷ್ಟು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನನಗಿಂತ ಮುಂದೆ ಮೆಟ್ಟಿಲಿಳಿದಳು. ಮತಗಟ್ಟೆ ಇದ್ದದ್ದು ಸಹಾಯಧನ ಕಚೇರಿಯ ಹಾಲ್‌ನಲ್ಲೇ. ಅದೇ ಕುಂಟು ಕುರ್ಚಿಗಳು, ಅದೇ ಮೇಜು. ಪ್ರತಿ ತಿಂಗಳು ನಮ್ಮನ್ನು ಮೈಕಿನಲ್ಲಿ ಕೂಗುವ ಗುಮಾಸ್ತ ಅವತ್ತು ಮೈಕಿಲ್ಲದೆ ಬಡಪಾಯಿಯ ಹಾಗೆ ಮತಪಟ್ಟಿ ಹಿಡಿದು ಕೂತಿದ್ದ. ಅಮ್ಮ ಬಾಗಿಲಲ್ಲೇ ನಿಂತು ನನ್ನ ತೋಳು ಹಿಡಿದಳು. "ಬೇರೆ ಮೇಜಿಲ್ವೇನ್ರೀ?" ಅಷ್ಟರಲ್ಲಿ ಮೇಲಿನ ಮನೆಯಾಕೆ ಸಾಲಿನಿಂದ ಕೂಗಿದಳು: "ದಾರಿ ಬಿಡ್ರಪ್ಪಾ, ಕ್ಯಾಂಡಿಡೇಟ್ ತಾಯಿ ಬಂದ್ರು!" ಎಲ್ಲ ನಕ್ಕರು. ಗುಮಾಸ್ತ ತಲೆಯೆತ್ತಿದ. ಎಲ್ಲರ ಕೈಯಲ್ಲೂ ಗುರುತಿನ ಚೀಟಿ; ಅಮ್ಮನಿಗೆ ಮಾತ್ರ ಗುರುತೇ ಬೇಡವಾಗಿತ್ತು. "ತಲೆ ಸುತ್ತುತ್ತೆ" ಅಂದವಳೇ ತಿರುಗಿ ಹೊರಟುಬಿಟ್ಟಳು. ನಾನು ವೋಟು ಹಾಕಿ ಮನೆಗೆ ಬಂದರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಮತ್ತೆ ಲಾಂಡ್ರಿ ಕೆಲಸಕ್ಕೆ ಸೇರಿದೆಯಂತೆ, ಒಳ್ಳೆಯದಾಯಿತು. ಹಬೆಯಲ್ಲಿ ನಿಂತು ನಿಂತು ಕೆಮ್ಮು ತಂದುಕೊಳ್ಳಬೇಡ. ನಿನ್ನ ಸಂಬಳ ನಿನ್ನ ಕೋಣೆಯ ಬಾಡಿಗೆಗೇ ಸಾಲದೆಂದು ಗೊತ್ತು, ಇಲ್ಲಿಗೇನೂ ಕಳಿಸಬೇಡ. ನೂರು ಕಾಲ ನಗುತ್ತಿರು.

ಮನೆಯಿಂದ ನಿನಗೆ ಬಿದ್ದ ಏಕೈಕ ವೋಟು,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ದುಡಿಯುವ ಮಕ್ಕಳಿರುವವರಿಗೆ ಆ ತಿಂಗಳ ಹಣ ಕೊಡುವುದಿಲ್ಲ. ಗುಮಾಸ್ತ ಪ್ರತಿ ಸಲ ಮೈಕಿನಲ್ಲಿ ಕೇಳುತ್ತಾನೆ, "ಮಕ್ಕಳೆಷ್ಟು ಜನ?" ಪ್ರತಿ ಸಲ ನಿನ್ನಮ್ಮ "ಮಕ್ಕಳಿಲ್ಲ ಸ್ವಾಮಿ" ಅನ್ನುತ್ತಿದ್ದಳು. ಹಾಲ್ ತುಂಬ ನಿನ್ನನ್ನು ಎತ್ತಿ ಆಡಿಸಿದವರೇ. ಒಬ್ಬರೂ ತುಟಿ ಬಿಚ್ಚಲಿಲ್ಲ. ಮೊನ್ನೆ ಮತ್ತೆ ಸರದಿ ಬಂತು. ಅವಳು ಹೋಗಲಿಲ್ಲ. "ಹಸಿವಾದ್ರೆ ಆಗ್ಲಿ. ಇನ್ನೊಂದು ಸಲ ಅವಳನ್ನ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ" ಅಂದಳು.