ಚಷ್ಮಾ ಮರೆತ ಅಣ್ಣನಿಗೆ

ಶಹಾಪುರ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಅಣ್ಣನಿಗೆ ಶಾಂಭವಿಯ ನಮಸ್ಕಾರ.

ಇದನ್ನು ನಿನಗೆ ಓದಿ ಹೇಳುತ್ತಿರುವ ಸೌಭಾಗ್ಯ ವೈನಿಗೂ ನಮಸ್ಕಾರ. ವೈನೀ, ಅಣ್ಣ ಅಂಗಡಿಯಿಂದ ಬಂದು ಊಟ ಮುಗಿಸಿದ ಮೇಲೆ ಓದಿರಿ. ಹಸಿದ ಹೊಟ್ಟೆಯಲ್ಲಿ ಅವನು ಯಾರ ಮಾತೂ ಕೇಳುವುದಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಡುವೆ ಅವನು "ಸಾಕ್ ಬಿಡು, ತಿಳೀತು" ಎಂದರೆ ನಿಲ್ಲಿಸಬೇಡಿ. ತಿಳಿದಿರುವುದಿಲ್ಲ.

ಫೋನು ಇರುವಾಗ ಇದೇನು ಕಾಗದ ಎನ್ನುತ್ತೀ. ಈ ವಾರ ಮೂರು ಸಲ ಫೋನು ಮಾಡಿದೆನಲ್ಲ? ಮೂರು ಸಲವೂ ಮಕ್ಕಳ ಮಾತು, ಮೋಟಾರಿನ ಮಾತು ಆಡಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಹಾಗೇ ಉಳಿಯಿತು. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈಗಲೂ ಎಂಟನೆಯ ತರಗತಿಗೆ ಕಾಪಿ ಬರೆಯಲು ಹೇಳಿ ಇದನ್ನು ಬರೆಯುತ್ತಿದ್ದೇನೆ. ಎರಡು ಸಲ ಎದ್ದು ಕಿಟಕಿಯ ತನಕ ಹೋಗಿ ಬಂದೆ. ಮೇಡಂಗೆ ಏನೋ ಆಗಿದೆ ಎಂದು ಮುಂದಿನ ಬೆಂಚಿನ ಹುಡುಗಿಯರು ಪಿಸುಗುಡುತ್ತಿದ್ದಾರೆ. ದಿನಾ ನಿಮ್ಮ ಯಾದಗಿರಿಯಿಂದ ಓಡಾಡುವ ನಮ್ಮ ವಿಜ್ಞಾನದ ರೇಣಮ್ಮ ಮೇಡಂ ಕೈಯಲ್ಲಿ ಇದನ್ನು ಇವತ್ತೇ ಕಳಿಸಬೇಕು, ಇಲ್ಲದಿದ್ದರೆ ನಾಳೆಗೆ ನನ್ನ ಧೈರ್ಯ ಹೋಗಿರುತ್ತದೆ.

ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಶೇಖಮ್ಮ ಎಂಬ ಹುಡುಗಿ ಇದ್ದಾಳೆ. ವನದುರ್ಗದ ಆಚೆಯ ಕುರಿಗಾರರ ದೊಡ್ಡಿಯಿಂದ ನಡೆದು ಬಂದು ಬಸ್ಸು ಹಿಡಿಯುತ್ತಾಳೆ. ಅವಳ ಅಪ್ಪ ನಿನಗೆ ಗೊತ್ತು. ಬಾವಿಯ ಮೋಟಾರು ಸುಟ್ಟಾಗಲೆಲ್ಲ ಟಂಟಂ ಆಟೋದಲ್ಲಿ ಹಾಕಿಕೊಂಡು ನಿನ್ನ ಅಂಗಡಿಗೇ ಬರುವ, ಕುರಿ ಸಾಕಿದ ಹಣಮಂತ್ರಾಯ. "ಬಸವಕುಮಾರಣ್ಣ ಕಟ್ಟಿದ ಕಾಯಿಲ್ ಐದ್ ವರ್ಷ ಅಲ್ಲಾಡಂಗಿಲ್ರಿ" ಎಂದು ನನ್ನ ಮುಂದೆಯೇ ಹೊಗಳುತ್ತಾನೆ. ನೀನು ನನ್ನ ಅಣ್ಣ ಎಂದು ಗೊತ್ತಾದ ದಿನದಿಂದ ನನಗೂ ಚಹಾ ಕೊಡದೆ ಬಿಡುವುದಿಲ್ಲ.

ಎರಡು ವರ್ಷ ನಾನು ಈ ಶೇಖಮ್ಮನ ಹೆಸರಿನ ಮುಂದೆ "ಸರಾಗವಾಗಿ ಓದುತ್ತಾಳೆ" ಎಂದು ನನ್ನ ಕೈಯಾರೆ ಬರೆದೆ. ಜುಲೈ ತಿಂಗಳಲ್ಲಿ ಒಂದು ದಿನ ಅವಳು ಎದ್ದು ನಿಂತು ಪಾಠ ಓದುತ್ತಿದ್ದಾಗ ಫ್ಯಾನಿನ ಗಾಳಿಗೆ ಪುಟ ತಿರುಗಿತು. ಅವಳು ನಿಲ್ಲಲಿಲ್ಲ. ಕಣ್ಣನ್ನು ಹೊಸ ಪುಟದ ಮೇಲೆ ನೆಟ್ಟುಕೊಂಡೇ ಹಳೆಯ ಪುಟದ ಸಾಲುಗಳನ್ನು ಒಂದು ಮಾತೂ ತಪ್ಪದೆ ಹೇಳುತ್ತಾ ಹೋದಳು. ಆಗ ನನಗೆ ಯಾರು ನೆನಪಾದರು ಎಂದು ಬೇರೆ ಹೇಳಬೇಕೇ ಅಣ್ಣಾ?

ಅವತ್ತು ಎಲ್ಲರ ಮುಂದೆ ನಾನು ಏನೂ ಅನ್ನಲಿಲ್ಲ. ಊಟದ ಬಿಡುವಿನಲ್ಲಿ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಓಢಣಿಯ ಅಂಚು ಹಿಂಡುತ್ತ ಹೇಳಿದಳು: "ಮನ್ಯಾಗ ತಮ್ಮ ಓದತಾನ್ರಿ, ನಾ ಕೇಳಿ ಕೇಳಿ ಬಾಯಿಪಾಠ ಮಾಡತೀನ್ರಿ. ಅಕ್ಷರ ಒಂದ್ಕಡಿ ನಿಂದ್ರಂಗಿಲ್ರೀ ಮೇಡಂ. ಅಪ್ಪಗ ಹೇಳಬ್ಯಾಡ್ರಿ."

ತಾಲ್ಲೂಕಿನಿಂದ ಇಂಥ ಮಕ್ಕಳಿಗಾಗಿ ಬರುವ ವಿಶೇಷ ಶಿಕ್ಷಕಿ ಗೌಹರಬೇಗಂ ಅವರ ಬೆನ್ನು ಬಿದ್ದೆ. ಇದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ, ಕಲಿಸುವ ದಾರಿಯನ್ನು ನಾವೇ ಬದಲಿಸಬೇಕು ಎಂದರು ಅವರು. ಬದಲಿಸಿದೆ. ಎಲ್ಲರೆದುರು ಎಬ್ಬಿಸಿ ಓದಿಸುವುದನ್ನು ಬಿಟ್ಟೆ. ಒಂದು ರಟ್ಟಿನ ನಡುವೆ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಟ್ಟೆ, ಅದನ್ನು ಪುಸ್ತಕದ ಮೇಲೆ ಸರಿಸುತ್ತಾ ಓದುತ್ತಾಳೆ. ಮೊರದಲ್ಲಿ ಜೋಳದ ಹಿಟ್ಟು ಹರಡಿ ಬೆರಳಿನಿಂದ ಒತ್ತಕ್ಷರ ತಿದ್ದಿಸಿದೆ. ಹತ್ತನೆಯ ತರಗತಿಯ ಹುಡುಗಿಗೆ ಹಿಟ್ಟಿನಲ್ಲಿ ತಿದ್ದಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು, ನಗಲಿ ಬಿಡು. ನಾಲ್ಕು ತಿಂಗಳಲ್ಲಿ ಅವಳು ನಾಲ್ಕು ಸಾಲು ತಾನಾಗಿ ಓದುತ್ತಾಳೆ, ಹಾಗೆ ಓದಿದ ದಿನ ನಾನೇ ಹೊರಗೆ ಹೋಗಿ ಅತ್ತು ಬಂದೆ. ಆದರೆ ಮಾರ್ಚ್‌ಗೆ ನಾಲ್ಕು ಸಾಲು ಸಾಲದು. ಸಮಾಜ ವಿಜ್ಞಾನದ ಪ್ರಶ್ನೆಗಳನ್ನು ಓದಿ ಹೇಳಿ ಬಾಯಿಯಿಂದ ಉತ್ತರ ಹೇಳಿಸಿದರೆ ಇಪ್ಪತ್ತಕ್ಕೆ ಹದಿನೇಳು, ಅದೇ ಪ್ರಶ್ನೆಗಳಿಗೆ ಬರೆಸಿದರೆ ಎರಡು!

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು, ಉತ್ತರ ಬರೆಯಲು ಒಬ್ಬರನ್ನು ಕೊಡುತ್ತಾರೆ, ಹೆಚ್ಚು ಸಮಯವನ್ನೂ ಕೊಡುತ್ತಾರೆ. ಅದಕ್ಕೆ ಬರುವ ಬುಧವಾರ ಯಾದಗಿರಿಯ ದವಾಖಾನೆಯಲ್ಲಿ ತಪಾಸಣೆ ಆಗಬೇಕು, ಅಪ್ಪ ಒಪ್ಪಿ ಸಹಿ ಹಾಕಬೇಕು. ಹಿಂದೆ ನಾನು ಬರೆದದ್ದು ತಪ್ಪು ಎಂದು ನನ್ನ ಪಾಲಿನ ಕಾಗದ ಬರೆದು ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟಾಗಿದೆ. ಬೈಸಿಕೊಂಡದ್ದೂ ಆಯಿತು. ಹಣಮಂತ್ರಾಯ ಮಾತ್ರ ಸಹಿ ಹಾಕುತ್ತಿಲ್ಲ.

ಮೂರು ಸಲ ಅವರ ಮನೆಗೆ ಹೋದೆ. "ಹುಡುಗಿಗಿ ಹುಚ್ಚು ಅಂತ ದವಾಖಾನಿ ಕಾಗದ ಮಾಡಸ್ತೀರೇನ್ರಿ? ನಾಳಿ ಬೀಗತನಕ್ಕ ಬಂದವ್ರು ಕೇಳಿದ್ರ ಏನ್ ಹೇಳ್ಲಿ? ಫೇಲ್ ಆದ್ರ ಆಗ್ಲಿ, ಕುರಿ ಹಿಂದ ಹೋಗ್ತಾಳ" ಎನ್ನುತ್ತಾನೆ. ಶೇಖಮ್ಮನಿಗೆ ನರ್ಸ್ ಆಗುವ ಆಸೆ. ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಇದು ಹುಚ್ಚಲ್ಲ ಎಂದು ನಾನು ವಿವರಿಸಲು ಹೋದರೆ, "ನೀವು ಓದಿದವ್ರು ಬಿಡ್ರಿ. ಓದಾಕ ಬರದವ್ರ ಸಂಕಟ ನಿಮಗೇನ್ ಗೊತ್ತು?" ಎಂದುಬಿಟ್ಟ. ಸಹಿಯ ಕಾಗದ ಮಡಚಿಕೊಂಡು ಎದ್ದು ಬಂದೆ.

ಅಣ್ಣಾ, ಈ ಭಾನುವಾರ ನೀನು ಬರಬೇಕು. ಅವನ ಕಟ್ಟೆಯ ಮೇಲೆ ಕೂತು, "ನನಗೂ ಓದಾಕ ಬರಂಗಿಲ್ಲ, ನಾ ಏನ್ ಹುಚ್ಚ ಅದೀನೇನು?" ಎಂದು ಒಂದೇ ಒಂದು ಸಲ ಕೇಳಬೇಕು. ನನ್ನ ಮಾತನ್ನು ತಳ್ಳಿದ ಹಾಗೆ ಅವನು ನಿನ್ನ ಮಾತನ್ನು ತಳ್ಳುವುದಿಲ್ಲ.

ಏನು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತು. ಗಿರಾಕಿ ರಸೀದಿ ಚಾಚಿದರೆ "ಚಷ್ಮಾ ಮರ್ತ ಬಂದೀನಿ, ನೀವಽ ಓದ್ರಿ" ಎನ್ನುತ್ತೀ. ಬ್ಯಾಂಕಿನಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ಮಕ್ಕಳ ಶಾಲೆಯ ಮೀಟಿಂಗಿಗೆ ವೈನಿಯನ್ನೇ ಕಳಿಸುತ್ತೀ. ಆ ಚಷ್ಮಾವನ್ನು ನೀನು ಇನ್ನೂ ಕೊಂಡೇ ಇಲ್ಲ ಮಾರಾಯ! ಮೂವತ್ತು ವರ್ಷದಿಂದ ಮುಚ್ಚಿಟ್ಟದ್ದನ್ನು ಗಿರಾಕಿಯೊಬ್ಬನ ಮುಂದೆ ಬಿಚ್ಚು ಎನ್ನಲು ನನಗೆ ಯಾವ ಹಕ್ಕೂ ಇಲ್ಲ.

ಐದನೆಯ ತರಗತಿಯಲ್ಲಿ ಫೇಲಾಗಿ ನನ್ನ ಪಕ್ಕದಲ್ಲಿ ಬಂದು ಕೂತೆಯಲ್ಲ, ಆ ವರ್ಷ ಈಗ ದಿನವೂ ನೆನಪಾಗುತ್ತಿದೆ. ಮನೆಯಲ್ಲಿ ನಾನು ಗಟ್ಟಿಯಾಗಿ ಓದುವಾಗ ನೀನು ಎಮ್ಮೆಗೆ ಮೇವು ಹಾಕುತ್ತಾ ಕೇಳುತ್ತಿದ್ದೆ. ಮರುದಿನ ಶಾಲೆಯಲ್ಲಿ ಪುಸ್ತಕ ಹಿಡಿದು ನನಗಿಂತ ಚೆಂದ ಒಪ್ಪಿಸುತ್ತಿದ್ದೆ. "ನೋಡ್ ಶಾಂಭವಿ, ನಿಮ್ಮಣ್ಣ ಹ್ಯಾಂಗ ಓದತಾನ, ನೀ ಯಾಕ ತಡವರಸ್ತಿ?" ಎಂದು ಮಾಸ್ತರು ನನ್ನ ತಲೆಗೇ ಮೊಟಕುತ್ತಿದ್ದರು. ಆಮೇಲೆ ಆ ದಿನ, ನೀನು ನನ್ನ ಪಕ್ಕದಲ್ಲಿ ನಿಂತು ಒಪ್ಪಿಸುತ್ತಿದ್ದಾಗ, ಪುಟ ತಿರುಗಿತು; ನೀನು ಹಳೆಯ ಪುಟವನ್ನೇ ಹೇಳುತ್ತಾ ಹೋದೆ. ಕಿಟಕಿಯ ಗಾಳಿ ಎಂದೇ ನೀನು ಇವತ್ತಿಗೂ ಹೇಳುತ್ತೀ. ಮಾಸ್ತರು ಪುಸ್ತಕ ಕಸಿದುಕೊಂಡು ನೋಡಿದರು, ಕಳ್ಳ ಎಂದರು, ಬೆತ್ತ ಮುರಿಯುವ ತನಕ ಹೊಡೆದರು. ಮರುದಿನ ನೀನು ಪಾಟಿಚೀಲವನ್ನು ಗೂಟಕ್ಕೆ ಸಿಕ್ಕಿಸಿ ಸೋದರಮಾವನ ಮೋಟಾರು ಅಂಗಡಿಗೆ ಹೋದೆ. ನಿನ್ನ ಪುಸ್ತಕಗಳೂ ನನಗೇ ಬಂದವು. ನಾನು ಮೇಡಂ ಆದೆ.

ಭಾನುವಾರ ಹತ್ತು ಗಂಟೆಗೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತೇನೆ. ನೀನು ಬಸ್ಸಿನಿಂದ ಇಳಿಯದಿದ್ದರೆ ನಾನೊಬ್ಬಳೇ ನಾಲ್ಕನೆಯ ಸಲ ಅವನ ಕಟ್ಟೆಗೆ ಹೋಗುತ್ತೇನೆ, ನಿನ್ನ ಮೇಲೆ ಮುನಿಸಿಕೊಳ್ಳುವುದಿಲ್ಲ. ಗಂಟೆ ಹೊಡೆಯಿತು, ರೇಣಮ್ಮ ಮೇಡಂ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

ನಿನ್ನ ಪಕ್ಕದಲ್ಲಿ ಕೂತು ಕಲಿತ ತಂಗಿ,
ಶಾಂಭವಿ

ತಾ.ಕ.: ವೈನೀ, ಇನ್ನು ನೀವು ಓದಬೇಡಿ. ಕಾಗದವನ್ನು ಅಣ್ಣನ ಕೈಗೆ ಕೊಡಿ, ಜೊತೆಗಿಟ್ಟ ಕಿಂಡಿಯ ರಟ್ಟನ್ನೂ ಕೊಡಿ. ಕೆಳಗೆ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಒಂದೊಂದೇ ಸಾಲು ಕಾಣುವಂತೆ ರಟ್ಟನ್ನು ಸರಿಸುತ್ತಾ ಅವನೇ ಓದಲಿ. ಒಂದು ತಾಸು ಹಿಡಿದರೂ ಹಿಡಿಯಲಿ, ದಯವಿಟ್ಟು ಹೇಳಿಕೊಡಬೇಡಿ.

ಅಣ್ಣಾ,

ಆ ದಿನ

ಪುಟ ತಿರುವಿದವಳು

ನಾನು.

ನಿನಗೆ ಹೊಡೆತ ಬೀಳಲಿ

ಎಂದೇ ತಿರುವಿದೆ.

ಆದರೂ

ಭಾನುವಾರ ಬಾ.