ಎತ್ತು ಹೂಡದ ಸೋಮವಾರ

ಯಲವಿಗಿ, ತಾ. ಸವಣೂರ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ನಮ್ಮನೆಯವರಿಗೆ,

ನೀಲಾಂಬಿಕೆಯ ಶರಣು. ಹೇಗಿದ್ದೀರಿ? ಕೆಮ್ಮು ಹೋಯಿತೋ, ಇಲ್ಲ ಅಲ್ಲೇ ಠಿಕಾಣಿ ಹೂಡಿದೆಯೋ? ಕಳೆದ ಸಲ ಫೋನಿನಲ್ಲಿ ‘ಏನಿಲ್ಲ, ಏನಿಲ್ಲ’ ಎನ್ನುತ್ತಲೇ ಕೆಮ್ಮುತ್ತಿದ್ದಿರಿ. ನಾನು ಕಳಿಸಿದ ಉಣ್ಣೆಯ ಟೋಪಿ ಹಾಕಿಕೊಳ್ಳಿ, ಕಿವಿ ಮುಚ್ಚಿಕೊಂಡರೆ ಸಿಪಾಯಿಯ ಮರ್ಯಾದೆ ಏನೂ ಹೋಗುವುದಿಲ್ಲ. ಸವಣೂರ ಖಾರದ ಕುರುಕಲು ತಿಂಡಿಯ ಪೊಟ್ಟಣ ಮುಟ್ಟಿತೇ? ಜೊತೆಯವರೆಲ್ಲ ಕೈಹಾಕಿ ಖಾಲಿ ಮಾಡುತ್ತಾರೆಂದು ಗೊತ್ತಿದ್ದೇ ಎರಡು ಇಟ್ಟಿದ್ದೆ. ನಿಮಗೆ ಒಂದು ಮುಷ್ಟಿಯಾದರೂ ಸಿಕ್ಕಿದ್ದರೆ ಸಾಕು.

ಇಲ್ಲಿ ಎಲ್ಲರೂ ಆರಾಮ. ಮಾವನವರ ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತದೆ, ಆದರೆ ಪಂಚಾಯಿತಿ ಕಟ್ಟೆಗೆ ಹೊರಟಾಗ ತಾನೇ ಬಿಡುತ್ತದೆ. ಅತ್ತೆಯವರಿಗೆ ಸೊಂಟ ನೋವು ಇದ್ದದ್ದೇ. ಗೋವಿನಜೋಳ ಬಂದಿದೆ. ಊರವರೆಲ್ಲ ಡಾಂಬರು ರಸ್ತೆಯ ಮೇಲೆಯೇ ಒಣಹಾಕಿರುವುದರಿಂದ ನಮ್ಮ ಸವಣೂರ ಬಸ್ಸು ಮದುಮಗಳ ಹಾಗೆ ತಲೆ ತಗ್ಗಿಸಿ ಒಂದೇ ಬದಿಯಲ್ಲಿ ಬರುತ್ತದೆ. ಕೆಂದ ಎತ್ತಿನ ಹೆಗಲ ಗಾಯ ಮಾಯ್ದಿದೆ. ಅದನ್ನು ಮೊದಲು ಬರೆಯಬೇಕೆಂದು ಮಾವನವರು ಹೇಳಿದ್ದರು, ನಾನು ನಿಮ್ಮ ಕೆಮ್ಮನ್ನು ಮೊದಲು ಬರೆದೆ. ನೀವೇ ತೀರ್ಮಾನ ಮಾಡಿ ಯಾರದು ತಪ್ಪೆಂದು.

ಫೋನು ಇರುವಾಗ ಇವಳೇಕೆ ಹಾಳೆ ತುಂಬಿಸುತ್ತಿದ್ದಾಳೆ ಎಂದು ನಗಬೇಡಿ. ನೀವು ಭಾನುವಾರ ಫೋನು ಮಾಡುತ್ತಲೇ ಅತ್ತೆಯವರು ಸ್ಪೀಕರ್ ಹಾಕಿ ನಡುಮನೆಯಲ್ಲಿ ಎಲ್ಲರ ಮುಂದೆ ಇಡುತ್ತಾರೆ. ಮಾವನವರು ಎತ್ತಿನ ಸುದ್ದಿ ಹೇಳುತ್ತಾರೆ, ಅತ್ತೆಯವರು ಉಂಡೆಯಾ ಎನ್ನುತ್ತಾರೆ, ಆಚೆ ಮನೆಯವರು ಬಂದಿದ್ದರೆ ಅವರೂ ಒಂದು ಮಾತು ಹಾಕುತ್ತಾರೆ. ನನ್ನ ಸರದಿ ಬಂದಾಗ ಇಡೀ ಮನೆ ಕಿವಿಗೊಟ್ಟು ಕುಳಿತಿರುತ್ತದೆ. ಆಗ ನಾನು ‘ಆರಾಮ ಅದೀನ್ರಿ, ನೀವು?’ ಎನ್ನುತ್ತೇನೆ, ನೀವೂ ‘ಆರಾಮ’ ಎನ್ನುತ್ತೀರಿ. ಮದುವೆಯಾಗಿ ಮೂರು ವರ್ಷವಾದ ಗಂಡ ಹೆಂಡತಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಇನ್ನು ನನ್ನ ಸವಣೂರ ಕಾಲೇಜಿನ ವಿಷಯ. ನೀವು ಗಾಬರಿಯಾಗುವಿರೆಂದು ಹೇಳಿರಲಿಲ್ಲ, ಈಗ ಅರ್ಧ ದಾರಿ ದಾಟಿದ್ದೇನೆ, ಹೇಳಬಹುದು. ದೀಪಾವಳಿ ಮುಗಿಸಿ ಹೋದ ದಿನ ನನ್ನ ಗೆಳತಿ ಫರ್ಹತ ಗೇಟಿನಲ್ಲೇ ಕೈ ಹಿಡಿದು ನೋಟಿಸ್ ಬೋರ್ಡಿನ ಮುಂದೆ ನಿಲ್ಲಿಸಿದಳು. ಹಾಜರಾತಿ ಕಡಿಮೆ ಇರುವವರು, ಹೀಗೆಯೇ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಬರೆದು ಹೆಸರು ಹಾಕಿದ್ದರು. ಸಿನಿಮಾಕ್ಕೆ ಹೋಗುವ ಹುಡುಗರ ಹೆಸರುಗಳ ನಡುವೆ ನನ್ನದು. ನನಗೆ ನಗುವೇ ಬಂತು. ಯಾರದೋ ಹೆಸರು ಹೋಗಿ ನನ್ನದು ಸೇರಿದೆ ಅಂದುಕೊಂಡೆ. ಜ್ವರ ಬಂದಾಗಲೂ ಬಸ್ಸು ಹತ್ತಿದವಳು ನಾನು, ಬಿಟ್ಟದ್ದು ಸೋಮವಾರಗಳನ್ನು ಮಾತ್ರ. ವಾರದಲ್ಲಿ ಒಂದು ದಿನ ತಪ್ಪಿದರೂ ನೂರಕ್ಕೆ ಎಪ್ಪತ್ತೈದು ಹೇಗೂ ದಾಟುತ್ತದೆ ಎಂದು ಲೆಕ್ಕ ಹಾಕಿಯೇ ಬಿಟ್ಟಿದ್ದೆ. ಬಿ.ಕಾಂ. ಓದುವವಳ ಲೆಕ್ಕ ನೋಡಿ.

ಕಂಪ್ಯೂಟರ್ ಲ್ಯಾಬಿನ ಶಹಾಬುದ್ದೀನ ಸರ್ ಕೂರಿಸಿ ಬಿಡಿಸಿ ಹೇಳಿದರು. ಎಲ್ಲ ವಿಷಯ ಸೇರಿಸಿ ಎಣಿಸುವುದಿಲ್ಲವಂತೆ, ಒಂದೊಂದು ವಿಷಯಕ್ಕೂ ಬೇರೆ ಬೇರೆ ಎಪ್ಪತ್ತೈದು ಬೇಕು. ಕಳೆದ ವರ್ಷ ಲ್ಯಾಬು ಬುಧವಾರ ಇತ್ತು. ಈ ಸಲದ ವೇಳಾಪಟ್ಟಿಯಲ್ಲಿ ಅದು ಪೂರ್ತಿ ಸೋಮವಾರಕ್ಕೆ ಬಂದಿದೆ. ಆ ಹೊಸ ಪಟ್ಟಿಯನ್ನು ನಾನು ನೋಡಿದ್ದೆ, ನೋಡಿಯೂ ಸೋಮವಾರದ ಕಡೆ ಕಣ್ಣು ಹಾಯಿಸಿರಲಿಲ್ಲ, ಹೇಗೂ ಅದು ನನ್ನ ದಿನವಲ್ಲವಲ್ಲ ಎಂದು. ‘ಉಳಿದದ್ದರಾಗ ನೀ ಪಯಲಾ ನಂಬರು, ನನ್ನ ವಿಷಯದಾಗ ನಿನ್ನ ಮಾರಿನ ನೋಡಿಲ್ಲವಾ ನಾ’ ಎಂದರು ಸರ್. ಆಗ ನಗು ಹೋಯಿತು.

ಪರೀಕ್ಷೆಗೆ ಕೂರಿಸದಿದ್ದರೆ ಒಂದು ವಿಷಯ ಉಳಿಯುತ್ತದೆ, ಮುಂದೆ ಕಟ್ಟಬಹುದು. ಆದರೆ ಶಿಗ್ಗಾಂವಿಯ ಟ್ರಸ್ಟಿನವರು ಕೊಡುವ ನೆರವು ಹಾಗಲ್ಲ. ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳಿಗೆ ಅಂತಲೇ ಇರುವ ನೆರವು ಅದು. ಯಾವ ವಿಷಯವೂ ಉಳಿಯಬಾರದು, ಹಾಜರಾತಿ ಕಡಿಮೆ ಆಗಬಾರದು, ಹಾಗೇನಾದರೂ ಆಯಿತೋ ನೆರವು ಅಲ್ಲಿಗೆ ನಿಂತಿತು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಮದುವೆಯಲ್ಲಿ ಬಂದ ಆಯೇರಿಯ ಹಾಗೆ ತಿಳಿದಿದ್ದೆವು. ಒಮ್ಮೆ ಕೊಟ್ಟರು, ಮುಗಿಯಿತು, ಯಾರು ತಿರುಗಿ ಕೇಳುತ್ತಾರೆ ಎಂದು. ಅವರು ಪ್ರತಿ ಸೆಮಿಸ್ಟರ್ ಕೇಳುತ್ತಾರೆ. ಫೀ, ಪುಸ್ತಕ, ಬಸ್ ಪಾಸು ಎಲ್ಲ ಅದರಲ್ಲೇ ನಡೆಯುತ್ತಿದೆ. ನೀವು ‘ಅಷ್ಟರ ಸಲುವಾಗಿ ಯಾಕ ಚಿಂತಿ, ನಾ ಕಟ್ಟತೇನಿ’ ಎನ್ನುತ್ತೀರಿ, ಗೊತ್ತು. ಆದರೆ ನಿಮ್ಮ ಪಗಾರಕ್ಕೆ ಈ ಮನೆಯಲ್ಲಿ ಬಾಯಿಗಳು ಬಹಳ. ಮಾವನವರು ಮೊದಲ ದಿನವೇ ‘ಪುಕ್ಕಟೆ ಕಲಿಸ್ತಾರಂದ್ರ ಕಲೀಲಿ’ ಎಂದಿದ್ದರು, ಪುಕ್ಕಟೆ ಹೋದರೆ ಕಲಿಯುವುದೂ ಹೋಗುತ್ತದೆ. ಇನ್ನೊಂದು ಮಾತು ಇದೆ, ನಗಬೇಡಿ. ಇದು ನಾನು ಓದುತ್ತೇನೆಂದು ನನಗೆ ಬಂದದ್ದು. ಕರಬಸಪ್ಪನವರ ಸೊಸೆ, ಚನ್ನೇಶನ ಹೆಂಡತಿ ಎಂದು ಬಂದದ್ದಲ್ಲ. (ನಿಮ್ಮ ಹೆಸರು ಬರೆದುಬಿಟ್ಟೆ ನೋಡಿ. ಅತ್ತೆಯವರಿಗೆ ಹೇಳಬೇಡಿ.) ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಸೋಮವಾರ ಯಾಕೆ ಬಿಡುತ್ತಿದ್ದೆ ಎಂದು ನಿಮಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನೀವು ನಮ್ಮ ಮನೆಯ ಸೋಮವಾರವನ್ನು ಕಟ್ಟೆಯ ಮೇಲೆ ಕುಳಿತು ನೋಡಿದವರು, ಒಲೆಯ ಕಡೆಯಿಂದ ನೋಡಿದವರಲ್ಲ. ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ಒಳ್ಳೆಯದೇ. ಎತ್ತು ನಿಂತರೆ ಮಾವನವರು ನಿಂತರು, ಮೈದುನ ನಿಂತ, ಆಳುಮಗ ನಿಂತ. ಹೊಲಕ್ಕೆ ಕಟ್ಟಿ ಕಳಿಸುವ ಬುತ್ತಿಯ ಬದಲು ಎಲ್ಲರಿಗೂ ಮನೆಯಲ್ಲೇ ಬಿಸಿ ರೊಟ್ಟಿ, ಎರಡು ಪಲ್ಯ, ಗುಡಿಗೆ ಎಡೆ. ಎತ್ತು ಮನೆಯಲ್ಲಿದೆ, ಯಜಮಾನ ಸಿಗುತ್ತಾನೆ ಎಂದು ಬೀಗರು ಬರುವುದೂ ಅಂದೇ, ಅವರಿಗೆ ಚಹಾ. ಎತ್ತಿಗೆ ಮೈ ತೊಳೆದು ಹಣೆಗೆ ವಿಭೂತಿ ಹಚ್ಚುವಾಗ ನಾನು ಮೂರನೇ ಸಲ ಪಾತ್ರೆ ತೊಳೆಯುತ್ತಿರುತ್ತೇನೆ. ಯಾರೂ ನನಗೆ ‘ಸೋಮವಾರ ಹೋಗಬ್ಯಾಡ’ ಎಂದು ಹೇಳಿರಲಿಲ್ಲ. ಹೇಳುವುದೇ ಬೇಕಾಗಿರಲಿಲ್ಲ, ಹೊತ್ತೇರುವಷ್ಟರಲ್ಲಿ ಬಸ್ಸು ಹೋಗಿಯೇ ಇರುತ್ತಿತ್ತು.

ಮನೆಯಲ್ಲಿ ಹೇಳಿದೆ. ಮಾವನವರಿಗೆ ಸಿಟ್ಟು ಬಂತು, ನನ್ನ ಮೇಲಲ್ಲ, ವೇಳಾಪಟ್ಟಿಯ ಮೇಲೆ. ಮರುದಿನ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ನನ್ನ ಜೊತೆ ಬಸ್ಸು ಹತ್ತಿದರು. ಸರ್ ಅವರ ಕೋಣೆಯಲ್ಲಿ ಕುಳಿತು, ‘ನಮ್ಮ ಎತ್ತಿಗೂ ಸೋಮವಾರ ಸೂಟಿ ಐತ್ರಿ, ನಿಮ್ಮ ಕಂಪ್ಯೂಟರಿಗೆ ಇಲ್ಲೇನ್ರಿ? ಮಂಗಳವಾರ ಮಾಡ್ರಲಾ’ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸರ್ ನಗಲಿಲ್ಲ. ಚಹಾ ತರಿಸಿ, ‘ಯಜಮಾನ್ರ, ಎತ್ತು ಒಂದಿನ ನಿಂತ್ರ ಮರುದಿನ ನಾಕು ಸಾಲು ಹೆಚ್ಚಿಗಿ ಹೊಡೀತಾವು. ಪರೀಕ್ಷಾ ಹಂಗ ಕೇಳಂಗಿಲ್ಲ’ ಎಂದರು. ಆಮೇಲೆ ಪಟ್ಟಿ ತೆಗೆದು ಲೆಕ್ಕ ಹಾಕಿದರು. ಸೆಮಿಸ್ಟರ್ ಶುರುವಾಗಿ ತಿಂಗಳಷ್ಟೇ ಆಗಿರುವುದರಿಂದ, ಇನ್ನು ಉಳಿದ ಸೋಮವಾರಗಳಲ್ಲಿ ಒಂದೂ ತಪ್ಪದೆ ಬಂದರೆ ಕೊನೆಗೆ ಗೆರೆ ಮುಟ್ಟುತ್ತೇನೆ. ಒಂದು ತಪ್ಪಿದರೂ ಮುಟ್ಟುವುದಿಲ್ಲ. ತಿರುಗಿ ಬರುವಾಗ ಮಾವನವರು ಬಸ್ಸಿನಲ್ಲಿ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, ‘ಮಾಸ್ತರ ಛಲೋ ಮನಷ್ಯಾ’ ಎಂದರು, ಅಷ್ಟೇ.

ಶನಿವಾರ ಶಿಗ್ಗಾಂವಿಗೆ ಹೋದೆ. ಕಾಲೇಜಿನಿಂದ ಟ್ರಸ್ಟಿಗೆ ಸುದ್ದಿ ಹೋಗಿತ್ತು, ಬಂದು ಕಾರಣ ಹೇಳಬೇಕೆಂದು ಕರೆದಿದ್ದರು. ಅತ್ತೆಯವರು ತಾವಾಗಿಯೇ ಹೊರಟರು, ಶಿಗ್ಗಾಂವಿಯಲ್ಲಿ ಬಳೆ ಚೆನ್ನಾಗಿ ಸಿಗುತ್ತವೆ ಎಂಬ ನೆವ ಹೇಳಿ. ಅಲ್ಲಿ ಮರಿಯಮಬಿ ಮೇಡಂ ಎಂಬ ನಿವೃತ್ತ ಶಿಕ್ಷಕಿ ಕುಳಿತಿದ್ದರು. ಮಾತು ಮೃದು, ಆದರೆ ಕನ್ನಡಕದ ಮೇಲಿನಿಂದ ನೋಡುತ್ತಾರೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ‘ತಪ್ಪಿದ್ದು ತಿಳೀತವಾ. ಈಗ ಏನ ಬದಲಾಗೇತಿ? ಅದನ್ನ ಹೇಳು’ ಎಂದು ಕೇಳಿದರು. ತಪ್ಪಿದವರನ್ನೆಲ್ಲ ಅವರು ಅದೊಂದೇ ಕೇಳುವುದಂತೆ. ನಾನು ಮನಸ್ಸು ಮಾಡಿದ್ದೇನೆ ಎಂದು ಹೇಳಬಹುದಿತ್ತು. ಆದರೆ ನನ್ನ ಮನಸ್ಸಿನಿಂದ ಸೋಮವಾರದ ರೊಟ್ಟಿ ಬೇಯುವುದಿಲ್ಲವಲ್ಲ.

ಆಗ ಅತ್ತೆಯವರು ಮಾತಾಡಿದರು. ಹೊಸ ಬಳೆ ಇಟ್ಟುಕೊಂಡ ಕೈಯಲ್ಲಿ ಸೆರಗು ಸರಿಮಾಡಿಕೊಂಡು, ‘ಬಾಯಾರ, ಎತ್ತಿಗೆ ಸೋಮವಾರ ಸೂಟಿ ಕೊಟ್ಟವರು ನಾವ. ಅವತ್ತ ಈಕಿಗೆ ಎರಡ ದಿನದ ಕೆಲಸ ಹಚ್ಚಿದವರೂ ನಾವ. ನಾನೂ ಹಂಗ ಮಾಡಿದಾಕಿ, ನಮ್ಮತ್ತಿನೂ ಹಂಗ ಮಾಡಿದಾಕಿ, ಯಾರಿಗೂ ಹೊಳೀಲಿಲ್ಲ. ಇನ್ನ ಮ್ಯಾಲ ಸೋಮವಾರ ಒಲಿ ನಂದು. ಇದು ಬದಲಾಗೇತಿ ಅಂತ ಬರಕೋರಿ’ ಎಂದರು. ಮೇಡಂ ಬರೆದುಕೊಂಡರು. ಈ ಸೆಮಿಸ್ಟರಿಗೆ ನೆರವು ನಿಲ್ಲಿಸುವುದಿಲ್ಲ, ಆದರೆ ಇನ್ನೊಂದು ಸೋಮವಾರ ತಪ್ಪಿದರೆ ಮತ್ತೆ ಕರೆಯುವುದೂ ಇಲ್ಲ ಎಂದರು. ಹೊರಗೆ ಬಂದು ನಾನು ಅತ್ತೆಯವರ ಕೈ ಹಿಡಿದುಕೊಂಡೆ. ‘ಬಿಡ, ಬಳಿ ಒಡದಾವು’ ಎಂದು ಕೈ ಬಿಡಿಸಿಕೊಂಡರು. ನನಗೆ ಅವರ ಮೇಲೆ ಆ ದಿನ ಬಂದಷ್ಟು ಪ್ರೀತಿ ಹಿಂದೆ ಬಂದಿರಲಿಲ್ಲ.

ಮೊನ್ನೆ ಮೊದಲ ಸೋಮವಾರ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಅಂಗಳ ದಾಟುವಾಗ ಕೆಂದ ಎತ್ತು ಸಹ ಇದೇನು ಎಂದು ತಿರುಗಿ ನೋಡಿತು. ಅತ್ತೆಯವರ ಸೊಂಟಕ್ಕೆ ನೀರು ಎತ್ತಲು ಆಗುವುದಿಲ್ಲವೆಂದು ಮೈದುನ ನೀರು ತಂದನಂತೆ. ಮಾವನವರು ಮೆಣಸಿನಕಾಯಿ ತೊಟ್ಟು ಬಿಡಿಸಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಬಚ್ಚಲಿಗೆ ಓಡಿದರಂತೆ. ರೊಟ್ಟಿ ತಡವಾಗಿ, ಬಸವಣ್ಣನ ಎಡೆಯೂ ತಡವಾಯಿತು. ಬಸವಣ್ಣ ಏನೂ ಅಂದುಕೊಂಡಂತಿಲ್ಲ. ಲ್ಯಾಬಿನಲ್ಲಿ ಫರ್ಹತ ನನಗೆಂದು ಕುರ್ಚಿ ಹಿಡಿದಿದ್ದಳು. ಹಿಂದೆ ಬಿದ್ದ ಪಾಠವೆಲ್ಲ ಅವಳೇ ಹೇಳಿಕೊಡುತ್ತಿದ್ದಾಳೆ, ಬದಲಿಗೆ ನಮ್ಮ ಮನೆಯ ಶೇಂಗಾ ಹಿಂಡಿ ಕೇಳುತ್ತಾಳೆ. ಅಂಗಡಿಯೊಂದರ ಜಮಾ ಖರ್ಚು ಕಂಪ್ಯೂಟರಿನಲ್ಲಿ ಹೊಂದಿಸುವುದು ಕಲಿತೆ. ಕೊನೆಗೆ ಎರಡೂ ಕಡೆ ಸರಿ ಬಂದಾಗ ಎಷ್ಟು ಖುಷಿಯಾಯಿತೆಂದರೆ ನಿಮಗೆ ಹೇಳಬೇಕು ಅನಿಸಿತು. ಅದಕ್ಕೇ ಇಷ್ಟು ಉದ್ದ ಬರೆದೆ.

ಅತ್ತೆ ಮಾವನವರ ಆಶೀರ್ವಾದ ನಿಮ್ಮ ಮೇಲಿದೆ. ಮೈದುನನ ನಮಸ್ಕಾರ. ಕೆಂದ ಮತ್ತು ಅದರ ಜೋಡಿಯದೂ ಇರಲಿ. ಬಿಸಿನೀರು ಕುಡಿಯಿರಿ, ಟೋಪಿ ಮರೆಯಬೇಡಿ. ರಜೆಗೆ ಬರುವಾಗ ನನಗೆ ಏನೂ ತರಬೇಡಿ, ನೀವು ಬಂದರೆ ಸಾಕು.

ನಿಮ್ಮ ದಾರಿ ನೋಡುತ್ತಿರುವ
ನೀಲಾ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಮೈದುನ ಬಾಗಿಲಲ್ಲಿ ನಿಂತಿದ್ದಾನೆ. ನೀವು ಯಲವಿಗಿ ಸ್ಟೇಷನ್ನಿನಲ್ಲಿ ಇಳಿಯುವುದು ಡಿಸೆಂಬರ್ ಒಂಬತ್ತರ ಬೆಳಿಗ್ಗೆ. ನೋಡಿದಿರಾ, ಅದು ಸೋಮವಾರ. ಹತ್ತು ತಿಂಗಳ ಮೇಲೆ ಗಂಡ ಬರುವ ದಿನ ಸೊಸೆ ಆರತಿ ಹಿಡಿದು ಬಾಗಿಲಲ್ಲಿ ಇರಬೇಕೆಂದು ಮನೆಯಲ್ಲಿ ಆಗಲೇ ಮಾತಾಗಿದೆ. ಆಡೂರಿನಿಂದ ನಮ್ಮಣ್ಣ ಅತ್ತಿಗೆಯೂ ಬರುತ್ತಾರಂತೆ. ಶಿಗ್ಗಾಂವಿಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ ಅತ್ತೆಯವರೇ ನಿನ್ನೆ ಮೆಲ್ಲಗೆ, ‘ಅದೊಂದ ಸೋಮವಾರ ಬಿಟ್ಟರ ನಡೀತೈತೇನ ನೋಡವಾ’ ಎಂದರು. ನಡೆಯುವುದಿಲ್ಲ. ನನಗೂ ನಿಮ್ಮನ್ನು ಸ್ಟೇಷನ್ನಿನಲ್ಲೇ ನೋಡುವ ಆಸೆ, ಈ ಸಾಲು ಬರೆಯುವಾಗಲೂ ಕಣ್ಣು ಒದ್ದೆಯಾಗಿದೆ, ಆದರೂ ನಡೆಯುವುದಿಲ್ಲ. ಈ ಕಾಗದ ಮುಟ್ಟಿದ ಮೇಲಿನ ಭಾನುವಾರ ಫೋನು ಮಾಡಿ. ಆ ದಿನ ಸ್ಪೀಕರ್ ನಾನೇ ಹಾಕುತ್ತೇನೆ, ನಡುಮನೆಯಲ್ಲೇ ಇಡುತ್ತೇನೆ. ಎಲ್ಲರಿಗೂ ಕೇಳುವ ಹಾಗೆ ‘ಆಕಿ ಕಾಲೇಜಿಗೆ ಹೋಗ್ಲಿ, ಸಂಜಿಗೆ ನಾನ ಸವಣೂರಿಗೆ ಹೋಗಿ ಕರಕೊಂಡ ಬರ್ತೇನಿ’ ಎಂದು ಹೇಳಿ. ನೀವು ಹೇಳದಿದ್ದರೂ ಹೋಗುತ್ತೇನೆ. ಹೇಳಿದರೆ, ಲ್ಯಾಬು ಮುಗಿದ ಮೇಲೆ ಬಸ್ಸಿಗೆ ಓಡದೆ ಗೇಟಿನಲ್ಲೇ ನಿಂತಿರುತ್ತೇನೆ.